ಕೈಗೆ ಹತ್ತಿದ ಕಸ್ತೂರಿ

ದರ್ನಾ, ಆಗಸ್ಟ್ 18, ಮಂಗಳವಾರ

ನಾಲ್ಕು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಈ ಕಸ್ತೂರಿಯ ವಾಸನೆ ಹೋಗುತ್ತಿಲ್ಲ. ಇಪ್ಪತ್ತಾರು ವರ್ಷ ಹೆಣ ತೊಳೆದ ಕೈ ಇದು. ಇಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಅಕ್ಕನ ಮಗ ಜುಮಾ ಕಾಳಗದಲ್ಲಿ ಸತ್ತು ಮೂರು ದಿನ ಬಿಸಿಲಲ್ಲಿ ಬಿದ್ದಿದ್ದನಂತೆ. ಇವತ್ತು ಮಧ್ಯಾಹ್ನ ಹೆಣ ತಂದರು. ನಾನು ನೀರು ಕಾಯಿಸಿಟ್ಟಿದ್ದೆ. ಮಿಫ್ತಾಹ್ ತಡೆದ.

"ಹುತಾತ್ಮನಿಗೆ ಸ್ನಾನ ಮಾಡಿಸ್ಬಾರ್ದು, ಹಾಜಿ. ಅಷ್ಟೂ ಗೊತ್ತಿಲ್ವಾ ನಿಂಗೆ?"

ಗೊತ್ತು. ಇವನೂ ಗೊತ್ತು. ಎಂಟು ವರ್ಷದ ಹಿಂದೆ ಮಸೀದಿ ಬಾಗಿಲಲ್ಲಿ ಅತ್ತರು ಮಾರುತ್ತಿದ್ದ, ಎಣ್ಣೆ ಬೆರೆಸಿ ಬೈಸಿಕೊಳ್ಳುತ್ತಿದ್ದ. ಜೈಲಿಗೆ ಹೋದವನು ಭಾಷಣ ಕಲಿತು ಬಂದ. ಈಗ ಜುಮಾ ಸೇರಿದ್ದ ಪಡೆಗೆ ಅಮೀರ್ ಅಂತೆ. ಮುನ್ನೂರು ಬಂದೂಕುಗಳು ಅವನ ಮಾತು ಕೇಳುತ್ತವೆ. ಅವನ ಮೈಮೇಲೆ ಮಾತ್ರ ಒಂದು ಗೀರೂ ಇಲ್ಲ.

ಬಾಗಿಲು ಹಾಕಿಸಿ ಜೇಬಿನಿಂದ ಅತ್ತರಿನ ಸೀಸೆ ತೆಗೆದ. ಹೆಣದ ಎದೆಗೆ, ಹೊದಿಸುವ ಕಫನ್ ಬಟ್ಟೆಗೆ ಸುರಿದ. ಉಳಿದದ್ದನ್ನು ನನ್ನ ಅಂಗೈಗೆ ಹಚ್ಚಿದ.

"ಹುತಾತ್ಮರ ಮೈಯಿಂದ ಕಸ್ತೂರಿ ವಾಸನೆ ಬರುತ್ತೆ. ಹೊರಗಡೆ ಹಾಗೇ ಹೇಳು."

"ಇದಕ್ಕೂ ಎಣ್ಣೆ ಬೆರೆಸಿದ್ದೀಯೇನೋ?"

ನಕ್ಕ. "ನಿಂಗೂ ಇಬ್ಬರು ಗಂಡುಮಕ್ಕಳಿದ್ದಾರಲ್ವಾ, ಹಾಜಿ?"

ಹೊರಗೆ ಬಂದಾಗ ಅಕ್ಕ ಮಬ್ರೂಕಾ ನನ್ನ ಕೈ ಹಿಡಿದು ಮೂಸಿದಳು. ಮತ್ತೆ ಮೂಸಿದಳು.

"ನಿಜ ಹೇಳೋ ಅತಿಯಾ, ಇದು ನನ್ನ ಮಗನ ಮೈಯಿಂದಾನೇ ಬಂತಾ?"

ಹೌದು ಎಂದೆ. ನನ್ನ ಬಾಯಿಂದಲೇ ಹೌದು ಎಂದೆ.

ಮೂರು ದಿನದಿಂದ ಅಳುತ್ತಿದ್ದ ಮುಖ ಅರಳಿತು. ಪಕ್ಕದಲ್ಲಿದ್ದ ಎರಡನೆಯ ಮಗನನ್ನು ಮಿಫ್ತಾಹನ ಮುಂದಕ್ಕೆ ತಳ್ಳಿದಳು.

"ಇವನನ್ನೂ ಕರ್ಕೊಂಡು ಹೋಗಪ್ಪಾ."