ಎಳ್ಳುಹೊಲದ ಹಸಿರು ಜಿಗಿಹುಳು

ಫೆಬ್ರವರಿ 30, 2263

ನಮಗಿಂತ ಮುಂಚೆ ಬದುಕುತ್ತಿರುವವರಿಗೆ,

ನಿಮ್ಮ ಫೆಬ್ರವರಿಯಲ್ಲಿ ಈ ತಾರೀಖು ಇಲ್ಲವೆಂದು ಬಲ್ಲೆ. ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಇಟ್ಟುಕೊಂಡಿದ್ದೇವೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನಾವಿರುವುದು ಹಳೆಯ ಕಲ್ಲುಕ್ವಾರಿಯೊಂದರ ತಳದಲ್ಲಿ. ಮೇಲಿನ ಬಿಸಿಲು ತಡೆಯಲಾಗದ್ದರಿಂದ ಕ್ವಾರಿಯ ಬಾಯಿಗೆ ಬಲೆ ಕಟ್ಟಿ, ಅದರ ಕೆಳಗೆ ಬೆಳೆ ತೆಗೆಯುತ್ತೇವೆ. ಇದಕ್ಕೆ ನೆರಳುಹೊಲ ಎಂದು ಹೆಸರು. ಗಿಡಗಳ ನಡುವೆ ತೂಗುಹಾಕಿದ ಅಂಟುಬಟ್ಟೆಗೆ ಯಾವ ಹುಳು ಹತ್ತಿದರೂ ಅದನ್ನು ಗುರುತುಮನೆಗೆ ತರಬೇಕು. ಗುರುತುಮನೆಯೆಂದರೆ ಒಂದು ಕಿಟಕಿ, ಒಂದು ಸೂಕ್ಷ್ಮದರ್ಶಕ, ನಿಮ್ಮ ಕಾಲದ ಪುಸ್ತಕಗಳ ಒಂದು ಕಪಾಟು ಮತ್ತು ನಾನು. ಪುಸ್ತಕಗಳೆಲ್ಲ ಇಂಗ್ಲಿಷಿನವು. ಇಲ್ಲಿ ಅವನ್ನು ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ನನ್ನ ತಪ್ಪು ತಿದ್ದುವವರಿಲ್ಲ. ನಾನು ಅಪಾಯವೆಂದು ಬರೆದರೆ ಆ ಬೆಳೆಯನ್ನು ಅಂದೇ ಕಿತ್ತು ಸುಡುತ್ತಾರೆ.

ಈ ವರ್ಷ ಎಪ್ಪತ್ತು ವರ್ಷಗಳ ಮೇಲೆ ಎಳ್ಳು ಬಿತ್ತಿದ್ದೇವೆ. ಹಳೆಯ ಡಬ್ಬಿಯೊಂದರಲ್ಲಿ ಸಿಕ್ಕ ಅರ್ಧ ಹಿಡಿ ಬೀಜ, ಅಷ್ಟನ್ನೂ ಬಿತ್ತಿಬಿಟ್ಟೆವು. ಹೊಲ ಕಾಯುವ ಬೋರಕ್ಕನಿಗೆ ಅರವತ್ತು ದಾಟಿದೆ, ಆದರೂ ಅವಳು ಎಳ್ಳಿನ ಗಿಡ ಕಂಡದ್ದು ಇದೇ ಮೊದಲು.

ಇಪ್ಪತ್ತಾರು ದಿನಗಳ ಹಿಂದೆ ಅವಳು ಅಂಟುಬಟ್ಟೆಯಲ್ಲಿ ಐದು ಜಿಗಿಹುಳುಗಳನ್ನು ತಂದಳು. ಅಕ್ಕಿನುಚ್ಚಿನಷ್ಟು ಗಾತ್ರ. ಮುಂದೆ ಅಗಲವಾಗಿ ಹಿಂದೆ ಚೂಪಾಗುವ ಮೈ, ಇಳಿಜಾರು ಸೂರಿನಂತೆ ಮಡಚಿದ ರೆಕ್ಕೆ, ಹಿಂಗಾಲುಗಳ ಉದ್ದಕ್ಕೂ ಸಾಲುಮುಳ್ಳು, ನೆತ್ತಿಯ ಮೇಲೆ ಎರಡು ಕಪ್ಪು ಚುಕ್ಕೆ. ಎಳ್ಳಿಗೆ ಎಲೆಹೂ ರೋಗ ಹರಡುವ ಹುಳುವಿನ ವಿವರಣೆಗೆ ಎಲ್ಲವೂ ಹೊಂದುತ್ತಿತ್ತು, ಬಣ್ಣವೊಂದನ್ನು ಬಿಟ್ಟು. ಪುಸ್ತಕದಲ್ಲಿ ಒಣಹುಲ್ಲಿನ ಹಳದಿ ಎಂದಿತ್ತು. ಇನ್ನೂ ಕಾಲಾಡಿಸುತ್ತಿದ್ದ ಇವು ಎಳೆ ಹಸಿರು.

“ನಿನ್ನ ಪುಸ್ತಕದಾಗೆ ಹಳದಿ ಅಂತ ಐತೆ ಅಂತೀಯ, ಇದು ಹಸ್ರು. ಇನ್ನೇನ್ ನೋಡ್ತೀಯವ್ವ, ಅದರ ಜಾತಕಾನಾ?” ಎಂದಳು ಬೋರಕ್ಕ.

ಖಚಿತವಾಗಿ ಹೇಳಲು ಗಂಡುಹುಳುವಿನ ಬಾಲದ ತುದಿಯನ್ನು ಬಿಡಿಸಿ, ಒಳಗಿನ ಭಾಗಗಳ ಆಕಾರ ನೋಡಬೇಕು. ಐದೂ ಹೆಣ್ಣಾಗಿದ್ದವು. ಗಂಡು ಸಿಗುವವರೆಗೆ ತೀರ್ಮಾನ ತಡೆಹಿಡಿಯಬಹುದಿತ್ತು. ನಾನು ‘ಬೇರೆ ಜಾತಿ, ನಿರಪಾಯ’ ಎಂದು ಬರೆದು ಸಹಿ ಹಾಕಿದೆ. ಬಣ್ಣವನ್ನು ನಿಜವಾಗಿ ತೂಗಿ ನೋಡಿದೆನೋ, ಗಿಡಗಳನ್ನು ಉಳಿಸಲು ಒಂದು ನೆಪ ಸಿಕ್ಕಿತೆಂದು ಹಿಡಿದುಕೊಂಡೆನೋ, ಈಗಲೂ ತಿಳಿಯದು.

ನಿನ್ನೆ ಆ ಹುಳುಗಳನ್ನಿಟ್ಟ ಪೆಟ್ಟಿಗೆ ತೆರೆದೆ. ಐದೂ ಒಣಗಿ ಹಳದಿಯಾಗಿದ್ದವು. ಒಣಹುಲ್ಲಿನ ಹಳದಿ. ವಿವರಣೆ ಬರೆದ ನಿಮ್ಮವರು ಬಹುಶಃ ಸೂಜಿಗೆ ಚುಚ್ಚಿಟ್ಟ ಹಳೆಯ ಹುಳುವನ್ನು ನೋಡಿ ಬರೆದಿರಬೇಕು. ತಕ್ಷಣ ಓಡಿಹೋಗಿ ಹೇಳಬೇಕಿತ್ತು. ಇನ್ನೊಮ್ಮೆ ಪರೀಕ್ಷಿಸುತ್ತೇನೆಂದು ಒಂದು ದಿನ ಕಳೆದೆ. ಅದು ಎಚ್ಚರಿಕೆಯಲ್ಲ, ಹೆದರಿಕೆ.

ಈ ಬೆಳಗ್ಗೆ ಬೋರಕ್ಕ ಒಂದು ಕುಡಿ ಮುರಿದುಕೊಂಡು ಬಂದಳು. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ಕಂಡಿರಲಿಲ್ಲ.

“ಹೂ ಬಿಡ್ತು ನೋಡವ್ವ. ಹಸ್ರು ಹೂವ. ಎಲ್ಲಾ ಗಿಡದಾಗೂ ಗೊಂಚಲು ಗೊಂಚಲು.”

ಎಳ್ಳಿನ ಹೂ ಬಿಳಿ, ಒಳಗೆ ತುಸು ನೇರಳೆ. ಅವಳ ಕೈಯಲ್ಲಿದ್ದದ್ದು ಹೂವಾಗಬೇಕಾದ ಕಡೆ ಒತ್ತಾಗಿ ಹುಟ್ಟಿದ ಪುಟ್ಟ ಎಲೆಗಳು, ಎಲೆಹೂ ರೋಗ. ಅಂಥ ಗಿಡ ಕಾಯಿ ಕಟ್ಟುವುದಿಲ್ಲ. ಬೇರೆ ಬೀಜ ನಮ್ಮಲ್ಲಿಲ್ಲ. ಹುಳು ಒಳಗೆ ಬಂದಿದೆಯೆಂದರೆ ಬಲೆಯಲ್ಲಿ ಎಲ್ಲೋ ತೂತಿದೆ. ಈ ಇಪ್ಪತ್ತಾರು ದಿನಗಳಲ್ಲಿ ಅದೇ ಜಾತಿಯ ಹುಳುಗಳು ಪಕ್ಕದ ಕ್ವಾರಿಗಳಲ್ಲಿ ಎಷ್ಟು ಗಿಡಗಳನ್ನು ಮುಟ್ಟಿವೆಯೋ.

ನಿಮ್ಮಲ್ಲಿ ಯಾರೋ ಒಬ್ಬರು ಇಂದು ಈ ಹುಳುವನ್ನು ಹಿಡಿಯುತ್ತಿರಬಹುದು. ದಯವಿಟ್ಟು ಅದು ಉಸಿರಾಡುತ್ತಿರುವಾಗಲೇ ಬಣ್ಣ ಬರೆದಿಡಿ. ಜೊತೆಗೆ ಒಂದು ಗಂಡುಹುಳುವಿನ ಬಾಲದ ತುದಿಯನ್ನೂ ಬಿಡಿಸಿ ನೋಡಿ, ಒಳಭಾಗದ ಚಿತ್ರ ಬರೆದಿಡಿ. ನಿಮಗೆ ಅದು ಅರ್ಧ ಗಂಟೆಯ ಕೆಲಸ.

ಬೋರಕ್ಕ ಆ ಕುಡಿಯನ್ನು ಮುಡಿದುಕೊಂಡು ಹೊರಗೆ ಎಲ್ಲರಿಗೂ ತೋರಿಸುತ್ತಿದ್ದಾಳೆ. ನಾನು ಹೋಗಿ ಹೇಳಬೇಕು.