ಯೋಧನ ಹಾಳೆಯ ಹಿಂಬದಿ

ಹೊಲಿಗೆ ಅಂಗಡಿಯಿಂದ,
ಮಾರ್ಚ್ 17, ಸೋಮವಾರ ಬೆಳಿಗ್ಗೆ

ನನ್ನ ಗುಂಡನಿಗೆ ಅಜ್ಜಿಯ ಮುತ್ತು, ಜೊತೆಗೆ ತಲೆಗೆ ಒಂದು ಮೊಟಕು.

ಹೇಗಿದ್ದೀಯ ಮಗಾ? ಎಡಗಿವಿ ಈಗ ಕೇಳಿಸುತ್ತಿದೆಯೇ? "ಸ್ವಲ್ಪ ಮಂದ, ಅಷ್ಟೇ" ಎಂದು ಜನವರಿಯಲ್ಲಿ ಬರೆದಿದ್ದೆ. ನಿನ್ನ 'ಅಷ್ಟೇ' ನನಗೆ ಗೊತ್ತಿಲ್ಲದ್ದೇ? ಒಂಬತ್ತು ವರ್ಷದವನಿದ್ದಾಗ ಕೈಮೂಳೆ ಮುರಿದುಕೊಂಡು ಬಂದು ಬಾಗಿಲಲ್ಲಿ ನಿಂತಾಗಲೂ ಹೀಗೆಯೇ ಅಂದಿದ್ದೆ. ಈಗ ಜೈಲಿನಲ್ಲಿ ಯಾರೋ ಇಬ್ಬರು ಕೈದಿಗಳು ಬಡಿದಾಡುತ್ತಿದ್ದರೆ ಬಿಡಿಸಲು ನೀನು ನಡುವೆ ಹೋಗಿ ಕಿವಿಗೆ ಏಟು ತಿಂದೆಯಂತೆ. ನಿನ್ನನ್ನು ಯಾರು ಕರೆದಿದ್ದರು? ಅಲ್ಲಿನ ಡಾಕ್ಟರಿಗೆ ತೋರಿಸು, ನೀನಾಗಿಯೇ ಕಡ್ಡಿಗಿಡ್ಡಿ ಹಾಕಿ ಕೆದಕಬೇಡ. ನಾನು ಹೀಗೇ ಇದ್ದೇನೆ. ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕಾಗುತ್ತದೆ, ಬೈಯಲು ಮಾತ್ರ ಇನ್ನೂ ಒಂದೇ ಸಲ ಸಾಕು. ನಿನ್ನ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತೇನೆ.

ಐದು ತಿಂಗಳಿಂದ ನಿನ್ನನ್ನು ನೋಡಲು ಬಂದಿಲ್ಲ. ಕೇಳಿದವರಿಗೆಲ್ಲ ಮಂಡಿನೋವು ಎನ್ನುತ್ತೇನೆ. ಅದು ಸುಳ್ಳು, ನಿನಗೂ ಗೊತ್ತು. ಕೊನೆಯ ಸಲ ಜಾಲರಿಯ ಆಚೆ ನಿಂತಿದ್ದ ನಿನಗೆ "ಒಂದು ಜೀವ ತೆಗ್ದೋನು ನನ್ನ ಮೊಮ್ಮಗ ಅಲ್ಲ" ಅಂದುಬಿಟ್ಟೆ. ನೀನು ತಲೆ ತಗ್ಗಿಸಿ ನಿಂತೆ. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು. ಶಾಲೆಯ ಗೇಟು ಕಾಯುವವನ ಮೇಲೆ ಗಾಡಿ ಹರಿಸಿ, ನಿಲ್ಲಿಸದೆ ಹೋಗಿ, ಆಮೇಲೆ ತಾನಾಗಿಯೇ ಠಾಣೆಗೆ ನಡೆದು "ನಾನೇ" ಎಂದ ಹುಡುಗನನ್ನು ಹೇಗೆ ನೋಡಬೇಕೆಂದು ನನಗೆ ತಿಳಿಯಲಿಲ್ಲ. ಆ ಮನುಷ್ಯನ ಖಾಕಿ ಅಂಗಿ ನಾನೇ ಹೊಲಿದದ್ದು. ಎರಡು ಹೊಲಿಯಲು ಕೊಟ್ಟಿದ್ದ, ಒಂದನ್ನು ಒಯ್ದ. ಎರಡನೆಯದು ಇಸ್ತ್ರಿಯಾಗಿ ಇವತ್ತಿಗೂ ನನ್ನ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿದೆ. ಅವನ ಹೆಂಡತಿಗೆ ಕೊಡೋಣವೆಂದು ಎರಡು ಸಲ ಅವಳ ಮನೆಯ ಬೀದಿಯವರೆಗೂ ಹೋದೆ, ಬಾಗಿಲು ತಟ್ಟಲು ಕೈ ಏಳಲಿಲ್ಲ. ಮೂರನೇ ಸಲ ಅವಳೇ ಎದುರಾದಳು. "ನಿಮ್ಮ ಹುಡುಗ ಒಪ್ಕೊಂಡನಲ್ಲ, ಅಷ್ಟಾದ್ರೂ ಮಾಡ್ದ" ಎಂದು ಹೇಳಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಇದನ್ನೆಲ್ಲ ನಿನಗಿಂತ ಮೊದಲು ನಿಮ್ಮ ಜೈಲಿನ ಸಾಹೇಬರು ಓದುತ್ತಾರೆಂದು ಬಲ್ಲೆ. ನಿನ್ನ ಹೋದ ಕಾಗದದಲ್ಲಿ ಎರಡು ಸಾಲಿಗೆ ಮಸಿ ಬಳಿದಿದ್ದರು. ಓದಲಿ ಬಿಡು, ಹೊಲಿಯುವ ಮುದುಕಿಯ ಕಾಗದದಲ್ಲಿ ಏನು ಗುಟ್ಟಿರುತ್ತದೆ? ಅವರಿಗೂ ಹೊತ್ತು ಹೋಗಲಿ. ಇನ್ನು ನಗಬೇಡ, ಒಂದು ಸುದ್ದಿ ಹೇಳುತ್ತೇನೆ. ಆಟದಲ್ಲಿ ನಿನ್ನ ಯೋಧನ ಪಾತ್ರವನ್ನು ಇಷ್ಟು ದಿನ ನಾನು ಆಡಿದೆ. ನೀನು ಒಳಗೆ ಹೋದ ಮೇಲೆ ನಿನ್ನ ಗೆಳೆಯರು ಆಟದ ಡಬ್ಬಿ ಕೇಳಿಕೊಂಡು ಬಂದರು. ಕಥೆ ಕಟ್ಟಿ ಆಟ ನಡೆಸುವ ಲೈಬ್ರರಿ ಹುಡುಗಿ, ಕಳ್ಳನ ಪಾತ್ರ ಆಡುವ ಕ್ಷೌರದಂಗಡಿಯವನು, ಮಾಂತ್ರಿಕನಾಗುವ, ಡಾಕ್ಟರಿಕೆ ಓದುವ ನಿನ್ನ ಪ್ರಾಣಸ್ನೇಹಿತ ಕಡ್ಡಿ. ಡಬ್ಬಿ ಕೊಟ್ಟರೆ ಭಾನುವಾರದ ಮಧ್ಯಾಹ್ನಗಳೂ ಮನೆಬಿಟ್ಟು ಹೋಗುತ್ತವೆ ಅನ್ನಿಸಿತು. ಇಲ್ಲೇ ಆಡಿ, ಮೊದಲಿನ ಹಾಗೆ ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಆಡಿ ಎಂದೆ. ಆಡುವವನಿಲ್ಲದ ಪಾತ್ರವನ್ನು ಕಥೆಯಲ್ಲಿ ಸಾಯಿಸಬೇಕಾಗುತ್ತದೆ ಎಂದು ಹುಡುಗಿ ಮೆಲ್ಲಗೆ ಅಂದಳು. ಸಾಯಿಸುವುದೇನು, ಕುರ್ಚಿ ಎಳೆದು ನಿನ್ನ ಜಾಗದಲ್ಲಿ ನಾನೇ ಕೂತೆ.

ಇಷ್ಟು ವರ್ಷ ಟೀ ಕೊಟ್ಟು, ಮೇಜಿನ ಮೇಲೆ ಚೆಲ್ಲಬೇಡಿ ಎಂದು ಗದರಿದ್ದಷ್ಟೇ ನನಗೆ ಗೊತ್ತಿತ್ತು. ಈಗ ಆಟ ತಿಳಿಯಿತು. ಹುಡುಗಿ ಗುಹೆ ಬಂತು, ರಾಕ್ಷಸ ಬಂದ ಎನ್ನುತ್ತಾಳೆ. ನಮ್ಮ ಪಾತ್ರ ಏನು ಮಾಡುತ್ತದೆಂದು ನಾವು ಹೇಳಬೇಕು, ಕೆಲಸ ಆಯಿತೋ ಕೆಟ್ಟಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಎಲ್ಲ ಸರಿ, ಆದರೆ ಗುಂಡಾ, ನಿನ್ನದು ಎಂಥ ಪಾಪದ ಪಾತ್ರವೋ! ಕಡ್ಡಿಯ ಸರದಿ ಬಂದರೆ ಬೆಂಕಿಯ ಉಂಡೆ ಎಸೆದು ಹನ್ನೆರಡು ಜನರನ್ನು ಒಟ್ಟಿಗೆ ಸುಡುತ್ತಾನೆ, ಹಾರುತ್ತಾನೆ, ಮಾಯವಾಗುತ್ತಾನೆ, ಮುಚ್ಚಿದ ಬಾಗಿಲನ್ನು ಮಾತಿನಿಂದಲೇ ತೆರೆಯುತ್ತಾನೆ. ನನ್ನ ಸರದಿ ಬಂದರೆ ಕತ್ತಿ ಬೀಸುತ್ತೇನೆ. ಮುಂದಿನ ಸರದಿಗೆ? ಮತ್ತೆ ಕತ್ತಿ ಬೀಸುತ್ತೇನೆ. ಅವನ ಮಂತ್ರ ಮುಗಿದರೆ ಒಂದು ನಿದ್ದೆ ಮಾಡಿ ಎದ್ದಾಗ ಎಲ್ಲ ವಾಪಸ್ಸು ಬಂದಿರುತ್ತದೆ, ನನ್ನ ಗಾಯ ಮಲಗಿ ಎದ್ದರೂ ಅರ್ಧ ಉಳಿದಿರುತ್ತದೆ. ಇದೇನು ನ್ಯಾಯ ಎಂದು ಕೇಳಿದೆ. ಮೊದಮೊದಲ ಹಂತಗಳಲ್ಲಿ ಮಾಂತ್ರಿಕ ಒಂದು ಪೆಟ್ಟಿಗೆ ಸಾಯುವಷ್ಟು ನಾಜೂಕು, ಆಗ ಯೋಧನೇ ಅವನನ್ನು ಕಾಪಾಡಿ ಬೆಳೆಸಬೇಕು, ಬೆಳೆದ ಮೇಲೆ ಅವನು ಮುಂದೆ ಹೋಗುತ್ತಾನೆ, ಇದು ಎಲ್ಲ ಕಡೆ ಇರುವ ತಕರಾರೇ ಎಂದು ಹುಡುಗಿ ವಿವರಿಸಿದಳು. ಹತ್ತಿದ ಏಣಿ ಒದೆಯುವುದು ಎಂದರೆ ಇದೇ ಅಲ್ಲವೇ ಎಂದೆ. ಕ್ಷೌರದಂಗಡಿಯವನು ನಕ್ಕ. ಕಡ್ಡಿ ನಗಲಿಲ್ಲ.

ಅಂದಿನಿಂದ ಇಬ್ಬರನ್ನೂ ಸರಿದೂಗಿಸುವುದೇ ನಮ್ಮ ಕೆಲಸವಾಯಿತು. ಹುಡುಗಿ ಮೊದಲು ನನ್ನ ಕತ್ತಿಯ ಏಟನ್ನು ಹೆಚ್ಚಿಸಿದಳು. ರಾಕ್ಷಸರು ಎರಡೇ ಸುತ್ತಿಗೆ ಉರುಳಿದರು, ಉಳಿದವರು ಆಕಳಿಸಿದರು. ಆಮೇಲೆ ಕಡ್ಡಿಯ ಮಂತ್ರಗಳನ್ನು ಆರರಿಂದ ಮೂರಕ್ಕೆ ಇಳಿಸಿದಳು. ಮೂರು ಸರದಿಯಾದ ಮೇಲೆ ಅವನು ಸುಮ್ಮನೆ ಕೂತು ನನ್ನ ಗುಂಡಿ ಡಬ್ಬಿಯ ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸಿದ. ಒಂದು ತೋಳು ಉದ್ದವಾಯಿತೆಂದು ಅದನ್ನು ಕತ್ತರಿಸಿ, ಇನ್ನೊಂದು ಉದ್ದವಾಯಿತೆಂದು ಇದನ್ನು ಕತ್ತರಿಸಿ, ಕೊನೆಗೆ ಅಂಗಿಯನ್ನು ಬನಿಯನ್ ಮಾಡಬೇಡಿ ಎಂದು ನಾನು ಹೇಳಿದೆ. ಇಬ್ಬರೂ ಒಂದೇ ಅಳತೆಯವರಾಗಬೇಕಿಲ್ಲ. ಮಾಂತ್ರಿಕನಿಂದ ಮಾಡಲಾಗದ್ದು ಏನಾದರೂ ಒಂದು ಯೋಧನ ಕೈಯಲ್ಲಿರಬೇಕು. ಯೋಧನ ಸರದಿ ಬಂದಾಗ ಎಲ್ಲರೂ ಉಸಿರು ಹಿಡಿದು ಇವನೇನು ಮಾಡುತ್ತಾನೆ ಎಂದು ನೋಡುವಂತಿರಬೇಕು. ನಿನ್ನೆದುರು ಇಂಥ ಮಾತು ನಾನು ಎಂದೂ ಆಡಿದವಳಲ್ಲ. ಬ್ರೆಡ್ಡು ಮೊಟ್ಟೆ ಬಡಿಸುವಾಗ ದೊಡ್ಡ ಪಾಲನ್ನು ಕಡ್ಡಿಯ ತಟ್ಟೆಗೆ ಹಾಕಿ, "ಅವನು ನಾಳೆ ನಾಲ್ಕು ಜೀವ ಉಳಿಸೋನು, ನೀನು ಗ್ಯಾರೇಜಲ್ಲಿ ಗ್ರೀಸು ಒರೆಸ್ಕೊಂಡಿರು" ಎನ್ನುತ್ತಿದ್ದೆ. ನೀನು ನಗುತ್ತಾ ತಿನ್ನುತ್ತಿದ್ದೆ. ನಾನದನ್ನು ತಮಾಷೆ ಎಂದುಕೊಂಡಿದ್ದೆ ಮಗಾ.

ಹೊಸ ನಿಯಮ ಬರೆಯಲು ಜಾಗ ಹುಡುಕಿ ನಿನ್ನ ಯೋಧನ ಹಾಳೆಯನ್ನು ತಿರುವಿದೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ನಿನ್ನದೇ ಕೋಳಿಕಾಲಿನ ಅಕ್ಷರ. "ಅಡ್ಡ: ಪಕ್ಕದವನಿಗೆ ಬೀಳೋ ಏಟು ನನಗೆ. ದಾಳ ಬೇಡ. ಎಷ್ಟು ಸಲ ಬೇಕಾದ್ರೂ." ನೀನು ಈ ನಿಯಮ ಕೇಳಿದ್ದೆಯೆಂದೂ, ದಾಳವಿಲ್ಲ, ಮಿತಿಯಿಲ್ಲ, ಹೀಗಾದರೆ ಯೋಧ ಬರೀ ಗೋಡೆಯಾಗುತ್ತಾನೆ ಎಂದು ತಾನು ಒಪ್ಪಲಿಲ್ಲವೆಂದೂ ಹುಡುಗಿ ಹೇಳಿದಳು. ನಾನು ಹಟ ಹಿಡಿದೆ. ಇದೇ ಇರಲಿ, ಮಾಂತ್ರಿಕನ ಯಾವ ಮಂತ್ರಕ್ಕೂ ಇದು ಬರುವುದಿಲ್ಲ ಎಂದೆ. ನನ್ನ ಮೊಮ್ಮಗನ ಬುದ್ಧಿ ನೋಡಿ ಎಂದು ಜಂಭವನ್ನೂ ಪಟ್ಟೆ. ಕಡ್ಡಿ ಮಾತ್ರ ಬೇಡವೆಂದ. ಬಹುಮತದಲ್ಲಿ ನಿಯಮ ಪಾಸಾಯಿತು.

ನಿನ್ನೆಯ ಭಾನುವಾರವಲ್ಲ, ಅದರ ಹಿಂದಿನ ಭಾನುವಾರ, ಕಲ್ಲಿನ ದೈತ್ಯನೊಬ್ಬ ಬಂದ. ಕಡ್ಡಿಯ ಮಂತ್ರ ಮುಗಿದಿತ್ತು, ಹಾಳೆಯಲ್ಲಿ ಎರಡೇ ಎರಡು ಜೀವದ ಅಂಕ ಉಳಿದಿತ್ತು. ದೈತ್ಯನ ಮುಷ್ಟಿ ಅವನ ಮೇಲೆ ಎದ್ದಿತು. ಹದಿನಾಲ್ಕರ ಏಟು. ನನ್ನ ಯೋಧನಿಗೆ ಒಂಬತ್ತಿತ್ತು. ನಾನು ಯೋಚನೆಯನ್ನೇ ಮಾಡಲಿಲ್ಲ, ಅಡ್ಡ ಎಂದೆ. ಅಲ್ಲಿಗೆ ನಿನ್ನ ಯೋಧ ಸತ್ತ. ಏಳು ವರ್ಷ ಆಡಿಸಿ ಬೆಳೆಸಿದ್ದೆಯಲ್ಲ, ಕ್ಷಮಿಸು. ಕ್ಷೌರದಂಗಡಿಯವನು ಭೇಷ್ ಅಜ್ಜಿ ಎಂದು ಮೇಜು ಕುಟ್ಟಿದ. ಅಷ್ಟರಲ್ಲಿ ಕಡ್ಡಿ ಎದ್ದು ನಿಂತ. "ಬೇಡ ಅಜ್ಜಿ, ಅದು ನನ್ನ ಏಟು, ನಂಗೇ ಬೀಳ್ಲಿ, ವಾಪಸ್ ತಗೊಳ್ಳಿ" ಎಂದ. ಮೊದಲು ನಾವೆಲ್ಲ ಆಟದ ಬೇಸರ ಎಂದುಕೊಂಡೆವು. ಅವನು ಅದನ್ನೇ ಹೇಳುತ್ತಾ ಹೋದ, ಹೇಳುತ್ತಾ ಹೇಳುತ್ತಾ ಬಿಕ್ಕಿ ಬಿಕ್ಕಿ ಅತ್ತ. ಇಪ್ಪತ್ತನಾಲ್ಕು ವರ್ಷದ ಗಂಡಸು ಅಷ್ಟು ಅಳುವುದನ್ನು ನಾನು ನೋಡಿರಲಿಲ್ಲ. ಉಳಿದವರು ದಾಳಗಳನ್ನು ಡಬ್ಬಿಗೆ ತುಂಬಿ ಎದ್ದು ಹೋದರು. ಅವನು ಹೋಗಲಿಲ್ಲ.

ಇಲ್ಲಿಗೆ ಮುಗಿಸುತ್ತೇನೆ, ಕಣ್ಣು ಮಂಜಾಗುತ್ತಿದೆ. ಮುಂದಿನ ಭೇಟಿಯ ದಿನ ಬಂದೇ ಬರುತ್ತೇನೆ, ಮಂಡಿ ಮುರಿದರೂ ಬರುತ್ತೇನೆ. ಜಾಲರಿಯ ಹತ್ತಿರ ನಿನ್ನ ಬಲಗಿವಿ ಇಟ್ಟು ನಿಲ್ಲು. ಹೊಟ್ಟೆ ತುಂಬ ತಿನ್ನು. ಯಾರ ಜಗಳಕ್ಕೂ ನಡುವೆ ಹೋಗಬೇಡ. ನಿನ್ನ ಆಯುಸ್ಸು ಗಟ್ಟಿಯಿರಲಿ, ನನ್ನದರಲ್ಲಿ ಉಳಿದಷ್ಟೂ ನಿನಗೇ ಸೇರಲಿ.

ನಿನ್ನ ಬಾಯಿಬಡುಕಿ
ಅಜ್ಜಿ

ತಾ.ಕ.: ಅಂಚೆಯವನು ಹನ್ನೊಂದಕ್ಕೆ ಡಬ್ಬಿ ತೆರೆಯುತ್ತಾನೆ, ಇನ್ನು ಕಾಲು ಗಂಟೆಯಿದೆ, ಧೈರ್ಯ ಇರುವಾಗಲೇ ಬರೆದುಬಿಡುತ್ತೇನೆ. ಅವತ್ತು ಎಲ್ಲರೂ ಹೋದ ಮೇಲೆ ಕಡ್ಡಿ ಮೊಳೆಯಲ್ಲಿದ್ದ ಆ ಖಾಕಿ ಅಂಗಿಯ ಮುಂದೆ ನಿಂತು "ಗಾಡಿ ಓಡಿಸ್ತಿದ್ದದ್ದು ನಾನು ಅಜ್ಜಿ, ಅವನಲ್ಲ" ಎಂದ. ಗ್ಯಾರೇಜಿನಿಂದ ನೀನು ತಂದಿದ್ದ ಗಾಡಿಯನ್ನು ಅವನು ಆಸೆಪಟ್ಟು ಓಡಿಸಿದನಂತೆ, ಗುದ್ದಿದ ಮೇಲೆ ಹೆದರಿ ನಿಲ್ಲಿಸದೆ ಹೋದನಂತೆ, ಮುಂದಿನ ತಿರುವಿನಲ್ಲಿ ನೀನು ಬಲವಂತವಾಗಿ ನಿಲ್ಲಿಸಿ ಜಾಗ ಬದಲಾಯಿಸಿದೆಯಂತೆ. "ನೀನು ಡಾಕ್ಟ್ರಾಗೋನು. ನಾನು ಬೋಲ್ಟು ತಿರುಗಿಸೋನು, ಒಳಗೂ ಅದನ್ನೇ ಮಾಡ್ತೀನಿ. ನೀನು ನಾಲ್ಕು ಜೀವ ಉಳಿಸೋನು ಅಂತ ನಮ್ಮಜ್ಜಿನೇ ಹೇಳ್ತಾಳಲ್ಲ" ಎಂದೆಯಂತೆ. ಗುಂಡಾ, ಅಳತೆ ತಪ್ಪಿದ್ದು ನನ್ನ ಕೈಯಲ್ಲಿ. ನಿನ್ನನ್ನು ಒಳಗೆ ಕಳಿಸಿದ್ದು ನನ್ನ ಬಾಯಿ, ಆಮೇಲೆ ಮೊಮ್ಮಗನೇ ಅಲ್ಲ ಎಂದದ್ದೂ ಅದೇ ಬಾಯಿ. ಬೆಳಿಗ್ಗೆ ನನ್ನ ಜೊತೆ ಠಾಣೆಗೆ ಬಾ ಎಂದು ಕಡ್ಡಿಗೆ ಹೇಳಿದೆ, ಹೂಂ ಎಂದು ಹೋದ. ಒಂದು ವಾರವಾಯಿತು, ಮುಖ ತೋರಿಸಿಲ್ಲ. ನಿನ್ನೆಯ ಭಾನುವಾರ ಅವನ ಕುರ್ಚಿ ಖಾಲಿಯಿತ್ತು. ಕೊನೆಯ ಪರೀಕ್ಷೆ ಮುಗಿಯುವ ತನಕ ಬಾಯಿ ಬಿಡಬೇಡಿ ಎಂದು ಚೀಟಿ ಕಳಿಸಿದ್ದಾನೆ, ಆ ಚೀಟಿ ನನ್ನ ಹತ್ತಿರ ಭದ್ರವಾಗಿದೆ. ಅವನೂ ನನ್ನ ಮೇಜಿನಲ್ಲಿ ತಿಂದು ಬೆಳೆದವನೇ. ಆದರೂ ಬಿಡುವುದಿಲ್ಲ.

ಇನ್ನುಳಿದದ್ದು ನಿನಗಲ್ಲ, ಇದನ್ನು ಮೊದಲು ಓದುವ ಸಾಹೇಬರಿಗೆ. ಸಾಹೇಬರೇ, ಕಾಗದ ನಿಮ್ಮ ಕೈಗೆ ಬರುತ್ತದೆಂದು ಗೊತ್ತಿದ್ದೇ ಬರೆದಿದ್ದೇನೆ. ಮಸಿ ಬಳಿಯಬೇಡಿ. ನನ್ನ ಮೊಮ್ಮಗನಿಗೆ ಕೊಟ್ಟರೆ ಹರಿದು ನುಂಗಿಬಿಡುತ್ತಾನೆ, ಕೇಳಿದರೆ ಅಜ್ಜಿಗೆ ಅರಳುಮರಳು ಎನ್ನುತ್ತಾನೆ. ಕೊಡುವ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.