ಬಳೆ ಮಂಟಪದ ಗುಡಿಯಲ್ಲಿ ನಿನ್ನ ಹೆಸರು

ಅವ್ವಾ,

ಇವತ್ತು ಯಳಂದೂರಿನ ಗೌರೀಶ್ವರ ಗುಡಿಗೆ ಹೋಗಿದ್ದೆ. ನೀನು ತೀರಿಕೊಂಡು ವರ್ಷ ತುಂಬಿಲ್ಲ, ನಾನು ಗುಡಿಯೊಳಗೆ ಕಾಲಿಡಬಾರದು, ಗೊತ್ತು. ಬಾಗಿಲ ಬಳೆ ಮಂಟಪದಲ್ಲಿ ಕಲ್ಲಿನ ಬಳೆಗಳನ್ನು ನೋಡಿಕೊಂಡು ವಾಪಸು ಬರೋಣ ಅಂದುಕೊಂಡವಳು, ಜನರ ಹಿಂದೆ ಒಳಗೇ ಹೋಗಿಬಿಟ್ಟೆ.

"ಯಾರ ಹೆಸ್ರಲ್ಲವ್ವಾ ಅರ್ಚನೆ?" ಅಂದರು ಪೂಜಾರಪ್ಪ.

"ನಮ್ಮವ್ವ, ರಾಮಮ್ಮ."

ಬಾಯಿಗೆ ಬಂದದ್ದು ನಿನ್ನ ಹೆಸರೇ. ನೀನಿಲ್ಲ ಅಂತ ತಿದ್ದಿ ಹೇಳಿದರೆ ಸಾವಿನ ಮನೆಯವಳು ಒಳಗೆ ಬಂದದ್ದು ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿ ಕೈ ಮುಗಿದೆ. ಅವರು ನಿನಗೆ ಆಯಸ್ಸು, ಆರೋಗ್ಯ ಬೇಡಿಕೊಂಡು ನನ್ನ ಕೈಗೆ ಹೂವು ಹಾಕಿದರು.

"ತಕೊಂಡೋಗಿ ಅವ್ವಂಗೆ ಕೊಡವ್ವಾ."

ಹೂವು ಇನ್ನೂ ಬ್ಯಾಗಿನಲ್ಲೇ ಇದೆ.

ಆಸ್ಪತ್ರೆಯಲ್ಲಿ ಮಲಗಿದ್ದಾಗ, "ನನ್ನೆಸ್ರಲ್ಲೊಂದು ಅರ್ಚನೆ ಮಾಡ್ಸವ್ವಾ" ಅಂತ ದಿನಾ ಕೇಳುತ್ತಿದ್ದೆಯಲ್ಲ.

ಇವತ್ತು ಮಾಡಿಸಿದೆ ಕಣವ್ವಾ.